ಕತ್ತೆಯ ನಡಿಗೆಯಲ್ಲಿ ಬಚ್ಚಿಟ್ಟದ್ದು

ವಿಡಿಯೋ ಗೇಮ್ ತಯಾರಿಸುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಕಂಬಣ್ಣ ಎಂದೇ ಕರೆಯುತ್ತಿದ್ದರು. ಮೂರನೆಯ ಮಹಡಿಯ ಹಜಾರದ ನಡುವೆ ಒಂದು ದಪ್ಪ ಕಾಂಕ್ರೀಟ್ ಕಂಬ, ಅದರ ಹಿಂದೆ ಅವನ ಮೇಜು. ಹೊಸ ಸಾಹೇಬರು ಬಂದಾಗಲೆಲ್ಲ ಮೊದಲು ಕದಲುತ್ತಿದ್ದದ್ದು ಮೇಜುಗಳೇ. ಒಬ್ಬರು ಸಾಲಾಗಿ ಇಡಿಸಿದರು, ಇನ್ನೊಬ್ಬರು ದುಂಡಗೆ ಇಡಿಸಿದರು, ಮತ್ತೊಬ್ಬರು ಯಾರಿಗೂ ಸ್ವಂತ ಜಾಗವೇ ಬೇಡ, ಬಂದವರು ಬಂದಲ್ಲಿ ಕೂರಲಿ ಎಂದರು. ಕಂಬವನ್ನು ಮಾತ್ರ ಯಾರಿಂದಲೂ ಸರಿಸಲಾಗಲಿಲ್ಲ. ಅದರ ಹಿಂದಿನ ಇಕ್ಕಟ್ಟು ಯಾರಿಗೂ ಬೇಡವಾಗಿದ್ದರಿಂದ ಕಂಬವೂ ಅವನೂ ಅಲ್ಲೇ ಉಳಿದರು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಒಗೆಯಲಿ, ಬೇಡ ಎಂದವರು ಯಾರು? ಆದರೆ ಈ ಕಸುಬಿನಲ್ಲಿ ಪ್ರತಿ ವರ್ಷವೂ ಅಗಸ ಹೊಸಬ. ಒಂದು ದೊಡ್ಡ ಆಟ ತಯಾರಾಗಲು ವರ್ಷಗಟ್ಟಲೆ ಬೇಕು, ಮಾಡಿಸುವವರ ತಾಳ್ಮೆ ತಿಂಗಳುಗಟ್ಟಲೆ ಉಳಿದರೆ ಹೆಚ್ಚು. ನಡುವೆ ಕಂಪನಿ ಮಾರಾಟವಾಗುತ್ತದೆ, ಕೊಂಡವರು ಇನ್ನೊಬ್ಬರಿಗೆ ಮಾರುತ್ತಾರೆ, ನಿರ್ದೇಶಕರು ರಾಜೀನಾಮೆ ಕೊಟ್ಟು ಹೋಗುತ್ತಾರೆ. ಶುಕ್ರವಾರ ಜೊತೆಗೆ ಟೀ ಕುಡಿದವನ ಕುರ್ಚಿ ಸೋಮವಾರ ಖಾಲಿ ಇರುತ್ತದೆ, ಅವನು ಮೇಜಿನ ಮೇಲೆ ಬಿಟ್ಟುಹೋದ ಗಿಡಕ್ಕೆ ನೀರು ಹಾಕುವವರು ಯಾರು ಎಂಬುದೇ ಆವತ್ತಿನ ದೊಡ್ಡ ಚರ್ಚೆ. ಕಂಬಣ್ಣನ ಮೇಜಿನ ಸುತ್ತ ಅಂಥ ಅನಾಥ ಗಿಡಗಳು ಒಂದು ಸಣ್ಣ ತೋಟದಷ್ಟು ಸೇರಿದ್ದವು.

ಅವನು ಕೆಲಸ ಮಾಡುತ್ತಿದ್ದ ಆಟ ಹುಟ್ಟಿದ್ದು ಕಥೆಮೇಷ್ಟ್ರು ಎಂದು ಎಲ್ಲರೂ ಕರೆಯುತ್ತಿದ್ದ ನಿರ್ದೇಶಕರ ತಲೆಯಲ್ಲಿ. ಒಬ್ಬ ಮುದುಕಿ, ಅವಳ ಹಿಂದೆ ಒಂದು ಕತ್ತೆ, ಕತ್ತೆಯ ಬೆನ್ನ ಮೇಲೆ ಉಪ್ಪಿನ ಮೂಟೆ. ಬೆಟ್ಟದ ಈಚೆಯಿಂದ ಆಚೆಗೆ ಉಪ್ಪು ಮುಟ್ಟಿಸಬೇಕು, ಅಷ್ಟೇ. ಕಂಬಣ್ಣನದು ನಡಿಗೆಯ ಕೆಲಸ. ಮುದುಕಿ ಕಲ್ಲಿನ ಮೇಲೆ ಹೇಗೆ ಹೆಜ್ಜೆ ಊರಬೇಕು, ಇಳಿಜಾರಿನಲ್ಲಿ ಹೇಗೆ ಹಿಂದಕ್ಕೆ ವಾಲಬೇಕು, ಜಾರಿದರೆ ಹೇಗೆ ಬೀಳಬೇಕು, ಎಲ್ಲ ಅವನ ಕೈಯಲ್ಲಿ. ಕಥೆಮೇಷ್ಟ್ರು ಹೋದರು. ಮೀಟಿಂಗಿನಲ್ಲಿ ಗಡಿಯಾರ ನೋಡುತ್ತಲೇ ಮಾತಾಡುವ ಸಾಹೇಬರು ಬಂದು ಮುದುಕಿಯನ್ನು ಯುವತಿ ಮಾಡಿಸಿದರು. ಆಮೇಲೆ ಬಂದ ನಗುಮುಖದ ಮೇಡಂ ಯುವತಿಯನ್ನು ತೆಗೆಸಿ ಸೈನಿಕನನ್ನು ತಂದರು, ಉಪ್ಪು ಹೋಗಿ ಮದ್ದುಗುಂಡು ಬಂತು. ಅವರ ನಂತರದವರು ಬಿರುಗಾಳಿಯ ಹಾಗೆ ಬಂದು ಸೈನಿಕನ ಜಾಗದಲ್ಲಿ ಎರಡು ಕಾಲಲ್ಲಿ ನಡೆಯುವ ನರಿಯನ್ನು ನಿಲ್ಲಿಸಿದರು. ಕೊನೆಗೆ ಕಂಪನಿಯನ್ನು ಕೊಂಡ ಹೊಸ ಮಾಲೀಕರು ಎಲ್ಲಿಂದಲೋ ಸಮೀಕ್ಷೆ ಮಾಡಿಸಿ ಜನರಿಗೆ ಮುದುಕಿಯೇ ಬೇಕಂತೆ ಎಂದು ಹೇಳಿಕಳಿಸಿದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಹಾಗೆ, ಬೆಟ್ಟದ ಬುಡದಲ್ಲಿ ಮತ್ತೆ ಅದೇ ಮುದುಕಿ ಬಂದು ನಿಂತಳು.

ಇಷ್ಟೆಲ್ಲದರಲ್ಲಿ ಕತ್ತೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮುದುಕಿಯಾಗಲಿ ಸೈನಿಕನಾಗಲಿ ನರಿಯಾಗಲಿ, ಮೂಟೆ ಹೊರಲು ಒಂದು ಕತ್ತೆ ಬೇಕೇ ಬೇಕಲ್ಲ. ಆ ಕಚೇರಿಯಲ್ಲಿ ಕೆಲಸ ಹೋಗುವ ಹೆದರಿಕೆ ಇಲ್ಲದ ಜೀವ ಅದೊಂದೇ ಎಂದು ಕಂಬಣ್ಣ ತಮಾಷೆ ಮಾಡುತ್ತಿದ್ದ.

ಅವನ ಆಟಗಳಿಗೆಲ್ಲ ಮೊದಲ ಆಟಗಾರ್ತಿ ಅವನ ಅಕ್ಕ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನಿಗೆ ಉಣಿಸಿ, ಓದಿಸಿ, ಆಮೇಲಷ್ಟೇ ತಾನು ಮದುವೆಯಾದವಳು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರ, ಪ್ಯಾಂಟಿನ ಕಾಲು ಮಡಿಚಿ ಹೊಲಿಯುವುದು, ಕಾಜಾ ಹಾಕುವುದು. ಕಂಬಣ್ಣ ಭಾನುವಾರ ಆಫೀಸಿನ ಗೇಮ್ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಮನೆಗೆ ಒಯ್ದು ಪರೀಕ್ಷೆ ಮಾಡಲು ಅವರಲ್ಲಿ ಅನುಮತಿಯಿತ್ತು. ಅಕ್ಕ ಕತ್ತರಿ ಪಕ್ಕಕ್ಕಿಟ್ಟು, ಕಂಟ್ರೋಲರ್ ಹಿಡಿದು, ಕಾಲು ಮಡಿಚಿ ಕೂತಳೆಂದರೆ ಮುಗಿಯಿತು. ಆಡುವುದಕ್ಕಿಂತ ಬೈಯುವುದೇ ಜಾಸ್ತಿ.

"ಬೆಟ್ಟ ಹತ್ತೋಕೆ ಹೊರಟವಳಿಗೆ ಯಾಕೋ ಪುಟ್ಟ ಇಷ್ಟು ಗಿಡ್ಡ ಲಂಗ ಹೊಲಿದಿದೀರಾ? ಮುಳ್ಳು ಚುಚ್ಚಲ್ವಾ ಅವಳಿಗೆ?" ಎಂದು ಅವನ ಹಿಂದಿನ ಆಟವೊಂದರ ಯುವತಿಯನ್ನು ನೋಡಿ ಕೇಳಿದ್ದಳು. ನಲವತ್ತು ದಾಟಿದ ತಮ್ಮ ಅವಳಿಗೆ ಈಗಲೂ ಪುಟ್ಟನೇ.

ಕಾಯಿಲೆ ಶುರುವಾದದ್ದು ಸೂಜಿಗೆ ದಾರ ಪೋಣಿಸುವುದರಿಂದ. ಕಣ್ಣಿನ ದೋಷವೆಂದು ಕನ್ನಡಕ ಬದಲಾಯಿಸಿದರು. ಕಣ್ಣು ಚೆನ್ನಾಗಿಯೇ ಇತ್ತು, ಸೊರಗುತ್ತಿದ್ದದ್ದು ಕೈಯ ನರ. ನಿಧಾನಕ್ಕೆ ಹರಡುತ್ತದೆ, ನಿಲ್ಲಿಸುವ ಔಷಧಿ ಇಲ್ಲ ಎಂದರು ವೈದ್ಯರು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದರು. ಕಾಲು ಹೋಯಿತು, ಎಡಗೈ ಹೋಯಿತು, ಬಲಗೈಯ ಬೆರಳುಗಳು ಒಂದೊಂದಾಗಿ ಮಲಗಿದವು. ಉಳಿದದ್ದು ಮಾತು, ಕತ್ತು ಮತ್ತು ಬಲಗೈಯ ಹೆಬ್ಬೆರಳು. ಅದೂ ಸ್ವಲ್ಪ ಹೊತ್ತು ಒತ್ತಿದರೆ ದಣಿದು ಬಿದ್ದುಬಿಡುತ್ತಿತ್ತು, ಮತ್ತೆ ಏಳಬೇಕಾದರೆ ಮರುದಿನವೇ ಆಗಬೇಕು. ಬಸ್ ಚಾಲಕನಾಗಿದ್ದ ಭಾವ ಕೆಲಸ ಬಿಟ್ಟು ಮನೆಯಲ್ಲೇ ಕೂತ. ಅವಳಿಗೆ ಹಲ್ಲುಜ್ಜಿಸುವುದು, ತಲೆ ಬಾಚುವುದು, ಮಗ್ಗುಲು ಬದಲಿಸುವುದು, ಎಲ್ಲ ಅವನೇ ಮಾಡುತ್ತಿದ್ದ. ಜಡೆ ಹೆಣೆಯಲು ಕಲಿತ ಬಸ್ ಚಾಲಕ ಊರಿಗೆಲ್ಲ ನಾನೊಬ್ಬನೇ ಎಂದು ಹೇಳಿಕೊಂಡು ನಗುತ್ತಿದ್ದ. ನಗದೆ ಏನು ಮಾಡಬೇಕು?

ಒಂದು ಭಾನುವಾರ ಅಕ್ಕ ಹೇಳಿದಳು: "ನನ್ನ ಕೈಯಲ್ಲಿ ಇನ್ನೇನೂ ಆಗಲ್ಲ ಕಣೋ. ಮೂಗು ತುರಿಸಿದ್ರೂ ಇವರನ್ನ ಕರೀಬೇಕು."

ಆವತ್ತಿನಿಂದ ಕಂಬಣ್ಣನ ತಲೆಯಲ್ಲಿ ಒಂದೇ ಹುಳ. ಆ ಆಟವನ್ನು ಒಂದೇ ಬಟನ್‌ನಲ್ಲಿ, ಒಂದೇ ಹೆಬ್ಬೆರಳಿನಿಂದ ಆಡುವಂತೆ ಮಾಡಬೇಕು. ಎಲ್ಲರೂ ಆಡುವಂತೆ ಆಡಲು ಎರಡೂ ಕೈ ಬೇಕು, ಎಡಗೈಯಲ್ಲಿ ನಡೆಸಬೇಕು, ಬಲಗೈಯಲ್ಲಿ ಹಾರಿಸಬೇಕು, ಹಗ್ಗ ಹಿಡಿಸಲು ಇನ್ನೆರಡು ಬೆರಳು. ಅವನ ವಿಧಾನದಲ್ಲಿ ಮುದುಕಿ ತಾನಾಗಿಯೇ ನಡೆಯುತ್ತಾಳೆ. ಒತ್ತಿದರೆ ನಿಲ್ಲುತ್ತಾಳೆ, ಅಂಚಿನಲ್ಲಿ ಒತ್ತಿದರೆ ಹಾರುತ್ತಾಳೆ, ಒತ್ತಿ ಹಿಡಿದರೆ ಹಗ್ಗ ಹಿಡಿಯುತ್ತಾಳೆ. ತಾನಾಗಿ ನಡೆಯುವ ವಿದ್ಯೆಯನ್ನು ಅವನು ಕತ್ತೆಯಿಂದ ಎರವಲು ತಂದ. ಯಾರೂ ಹಿಡಿದು ನಡೆಸದಿದ್ದರೂ ಕತ್ತೆ ಪ್ರಪಾತ ತಪ್ಪಿಸಿ ದಾರಿ ಹುಡುಕಿಕೊಳ್ಳುವಂತೆ ಮೊದಲೇ ಮಾಡಿಟ್ಟಿದ್ದ.

ಮೊದಲ ಸಲ ಅಕ್ಕನಿಗೆ ಕೊಟ್ಟಾಗ ಮುದುಕಿ ಎಲ್ಲೂ ಬೀಳದಂತೆ ಕಟ್ಟೆಚ್ಚರ ವಹಿಸಿದ್ದ. ಅಕ್ಕನಿಗೆ ಅದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬಿದ್ರೆ ನಾನೇ ಬೀಳ್ಬೇಕು, ಪುಟ್ಟ. ನೀನೇ ಹಿಡ್ಕೊಂಡು ನಡೆಸೋದಾದ್ರೆ ಅದೇನು ಆಟ? ದಿನವಿಡೀ ನನ್ನನ್ನ ಎಲ್ಲರೂ ಹಿಡ್ಕೊಂಡೇ ಇರ್ತಾರೆ."

ಅವನು ತಿದ್ದಿದ. ಮುಂದಿನ ಭಾನುವಾರ ಮುದುಕಿ ಎರಡನೆಯ ತಿರುವಿನಲ್ಲೇ ಪ್ರಪಾತಕ್ಕೆ ಬಿದ್ದಳು. ಅಕ್ಕ ಅಷ್ಟು ನಕ್ಕದ್ದನ್ನು ಭಾವ ನೋಡಿ ಎಷ್ಟೋ ಕಾಲವಾಗಿತ್ತು. ಅವನು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತುಬಿಟ್ಟ. ಆ ಕೆಲಸ ಯಾತಕ್ಕೆ ಎಂಬುದು ಕಂಬಣ್ಣನಿಗೆ ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಆಟ ಮುಗಿದು ಹೊರಬರಬೇಕು, ಅಕ್ಕನ ಬೆರಳು ಇರುವಾಗಲೇ ಬರಬೇಕು, ಅದರೊಳಗೆ ಈ ದಾರಿ ಇರಬೇಕು. ಆ ಬೆಟ್ಟವನ್ನು ಅವಳು ತಾನೇ ದಾಟಬೇಕು. ಬೇರೆ ಕಂಪನಿಗಳಿಂದ ಕರೆ ಬಂದರೂ ಅವನು ಹೋಗದೆ ಕಂಬಕ್ಕೆ ಅಂಟಿಕೊಂಡದ್ದು ಇದಕ್ಕಾಗಿಯೇ.

ಆದರೆ ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ನಿರ್ದೇಶಕರು ಬಂದೊಡನೆ ಆಟದೊಳಗಿನ ಪ್ರತಿಯೊಂದು ತುಣುಕಿನ ಲೆಕ್ಕ ಕೇಳುತ್ತಾರೆ, ಇದು ಯಾರಿಗೆ, ಯಾಕೆ. ಉತ್ತರ ಹಿಡಿಸದಿದ್ದರೆ ಕತ್ತರಿ. ಕಂಬಣ್ಣ ಮೊದಲು ನಿಜವನ್ನೇ ಹೇಳಿದ್ದ. "ಒಂದೇ ಬೆರಳಲ್ಲಿ ಆಡೋರು ಎಷ್ಟು ಜನ ಇದಾರೆ?" ಎಂದು ಗಡಿಯಾರದ ಸಾಹೇಬರು ಗಡಿಯಾರ ನೋಡಿಕೊಂಡು ಕೇಳಿದರು. ಒಬ್ಬಳು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ತೆಗೆದುಬಿಡಿ ಎಂದರು.

ಅವನು ತೆಗೆಯಲಿಲ್ಲ, ಹೆಸರು ಬದಲಾಯಿಸಿದ. ಪರೀಕ್ಷೆ ಮಾಡುವವರ ಅನುಕೂಲಕ್ಕೆ ಎಂದು ಬರೆದಿಟ್ಟ. ನಗುಮುಖದ ಮೇಡಂಗೆ ಎಲ್ಲ ಆಟಗಳೂ ಮೊಬೈಲಿನಲ್ಲಿ ಬರಬೇಕೆಂಬ ಆಸೆ, ಆಗ ಅದಕ್ಕೆ ಮೊಬೈಲ್ ಸಿದ್ಧತೆ ಎಂದು ಹೆಸರಾಯಿತು. ಮೇಡಂ ಮೆಚ್ಚಿ ಎಲ್ಲರೆದುರು ಹೊಗಳಿದರು. ಬಿರುಗಾಳಿ ಸಾಹೇಬರಿಗೆ ಮೊಬೈಲ್ ಎಂದರೆ ಮೈ ಉರಿ. ಅವರು ಬರುವ ಸುದ್ದಿ ಲಿಫ್ಟಿನಲ್ಲಿ ಕಿವಿಗೆ ಬಿದ್ದ ದಿನವೇ ಅವನು ಅದನ್ನೆಲ್ಲ ಬಿಚ್ಚಿ, ಕತ್ತೆಯ ಕಡತಗಳ ಒಳಗೆ ಸೇರಿಸಿ, ಕತ್ತೆ ನಡಿಗೆ ಎರಡು ಎಂದು ಹೆಸರಿಟ್ಟುಬಿಟ್ಟ. ಕತ್ತೆಯ ನಡಿಗೆಯನ್ನು ಯಾರು ತೆರೆದು ನೋಡುತ್ತಾರೆ? ಯಾರೂ ನೋಡಲಿಲ್ಲ. ಸೆಟ್ಟಿಂಗ್‌ನಲ್ಲೂ ಅದರ ಹೆಸರು ಕಾಣದಂತೆ ಮಾಡಿದ. ಮೊದಲ ಪರದೆಯಲ್ಲಿ ಆ ಒಂದು ಬಟನ್ ಒತ್ತಿ ಹಿಡಿದರೆ ಕತ್ತೆಯ ಕೊರಳ ಗಂಟೆ ಸದ್ದಾಗುತ್ತಿತ್ತು, ಆಮೇಲೆ ಒಂದೇ ಬೆರಳಿನ ಆಟ ಶುರು. ಗುಟ್ಟು ಗೊತ್ತಿದ್ದದ್ದು ಅವನಿಗೆ, ಅಕ್ಕನಿಗೆ, ಭಾವನಿಗೆ. ಬಿಡುಗಡೆಯ ಕೊನೆಯ ವಾರ ಬಯಲು ಮಾಡಿದರಾಯಿತು, ಆಗ ಯಾರಿಗೂ ಕತ್ತರಿಸುವಷ್ಟು ಪುರುಸೊತ್ತಿರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ತನ್ನ ಜಾಣತನಕ್ಕೆ ತಾನೇ ಬೀಗಿದ್ದ, ಪಾಪ.

ಹೊಸ ಮಾಲೀಕರು ಬಂದರು, ಮುದುಕಿ ಮರಳಿದಳು, ಬಿಡುಗಡೆಯ ತಿಂಗಳೂ ಗೊತ್ತಾಯಿತು. ಅಷ್ಟರಲ್ಲಿ ಕಂಬಣ್ಣನಿಗೆ ಕರೆ ಬಂತು. ನಾಲ್ಕನೆಯ ಮಹಡಿಯಲ್ಲಿ ಇದೇ ಕಂಪನಿಯ ಫುಟ್‌ಬಾಲ್ ಆಟಕ್ಕೆ ಆಳು ಕಡಿಮೆ, ನಾಳೆಯಿಂದ ಅಲ್ಲಿ ಕೂರಬೇಕು ಎಂದರು. ಅವನು ಬೇಡಿಕೊಂಡ, ಬಿಡುಗಡೆಯಾಗುವ ತನಕ ಬಿಡಿ ಎಂದ. "ನಡಿಗೆ ಎಲ್ಲಾ ಮುಗಿದಿದೆಯಲ್ಲ, ಇನ್ನೇನು ಕೆಲಸ ನಿಮಗಿಲ್ಲಿ?" ಎಂದು ಹೊಸ ಮಾಲೀಕರ ಕಡೆಯ ಮ್ಯಾನೇಜರ್ ಮೃದುವಾಗಿಯೇ ಕೇಳಿದ. ಅದಕ್ಕೆ ಕೊಡಬಹುದಾದ ಉತ್ತರ ಒಂದೇ ಇತ್ತು, ಅದನ್ನು ಕೊಡುವಂತಿರಲಿಲ್ಲ.

ಕೆಲಸ ಒಪ್ಪಿಸಬೇಕಾದದ್ದು ಕನ್ನಡಕದ ಹುಡುಗಿಗೆ. ಹುಡುಗಿ ಎನ್ನುವುದು ಬಾಯಿಮಾತು, ಮೂವತ್ತು ದಾಟಿದ ಪ್ರೋಗ್ರಾಮರ್. ಕೆಲಸಕ್ಕೆ ಸೇರಿದಾಗ ಅವನೇ ಕೈಹಿಡಿದು ಕಲಿಸಿದ್ದ. ಅವಳೊಬ್ಬಳೇ ಸಿಕ್ಕಿದ್ದರೆ ಎಲ್ಲ ಹೇಳಿಬಿಡುತ್ತಿದ್ದ. ಆದರೆ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದ. ಸಂಜೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡು, ಎದ್ದು ಹೊರಡುವಾಗ ಅವಳಿಗೆ ಇಷ್ಟೇ ಹೇಳಿದ:

"ಕತ್ತೆ ನಡಿಗೆ ಚೆನ್ನಾಗಿ ನೋಡ್ಕೊಳಮ್ಮ."

"ಆಯ್ತು ಕಂಬಣ್ಣ," ಎಂದು ಅವಳು ನಕ್ಕಳು.

ಸಂಜೆ ಫೋನ್ ಮಾಡಲಿಲ್ಲ. ಫೋನಿನಲ್ಲಿ ಹೇಳಿದ್ದು ಅವಳ ಬಾಯಿಂದ ಜಾರಿದರೆ, ಅವಳಿಗೂ ತೊಂದರೆಯಾದರೆ ಎಂದು ಹಿಂಜರಿದ. ನಾಳೆ ಎಂದುಕೊಂಡ. ನಾಲ್ಕನೆಯ ಮಹಡಿಯಲ್ಲಿ ಅವನಿಗೆ ಸಿಕ್ಕ ಕೆಲಸ ಪ್ರೇಕ್ಷಕರದು. ಗೋಲು ಬಿದ್ದಾಗ ಸಾವಿರಾರು ಜನ ಎದ್ದು ನಿಲ್ಲಬೇಕು, ಬೀಳದಿದ್ದರೆ ತಲೆ ಮೇಲೆ ಕೈ ಹೊರಬೇಕು. ದಿನವಿಡೀ ಜನರನ್ನು ಎಬ್ಬಿಸಿ ಕೂರಿಸಿ ಅವನಿಗೆ ಸಾಕಾಗುತ್ತಿತ್ತು. ಮೂರನೆಯ ಮಹಡಿಗೆ ಹೋಗಲು ಅವನ ಕಾರ್ಡಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಹಳೆಯ ಗೇಮ್ ಯಂತ್ರವನ್ನೂ ವಾಪಸು ತೆಗೆದುಕೊಂಡರು, ಹಾಗಾಗಿ ಅಕ್ಕನ ಭಾನುವಾರದ ಆಟವೂ ನಿಂತಿತು. ಇನ್ನು ಸ್ವಲ್ಪ ದಿನ ಅಕ್ಕ, ಪೂರ್ತಿ ಆಟವೇ ಬರುತ್ತೆ ಎಂದ. ಒಂದು ಬೆಳಿಗ್ಗೆ ಲಿಫ್ಟಿನೊಳಗೆ ಆಟದ ಪೋಸ್ಟರ್ ಅಂಟಿಸಿದ್ದರು. ಬೆಟ್ಟ, ಮಂಜು, ಬೆನ್ನು ಬಾಗಿದ ಮುದುಕಿ. ಕತ್ತೆ ಇರಲಿಲ್ಲ. ಅಷ್ಟು ವರ್ಷ ಮೂಟೆ ಹೊತ್ತದ್ದಕ್ಕೆ ಪೋಸ್ಟರಿನಲ್ಲಿ ಒಂದು ಮೂಲೆಯನ್ನೂ ಕೊಡಲಿಲ್ಲವಲ್ಲ ಇವರು ಎಂದು ಅವನು ಒಬ್ಬನೇ ನಕ್ಕ.

ಬಿಡುಗಡೆಯಾದ ಭಾನುವಾರ, ಊಟವಾದ ಮೇಲೆ, ಅಂಗಡಿಯಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತು ಕೊಂಡ ಆಟವನ್ನೂ ಅದನ್ನು ಆಡಿಸುವ ಹೊಸ ಯಂತ್ರವನ್ನೂ ಹಿಡಿದು ಅಕ್ಕನ ಮನೆಗೆ ಹೋದ. ಭಾವ ಅವಳ ಗಾಲಿಕುರ್ಚಿಯನ್ನು ಆಗಲೇ ಟಿವಿಯ ಮುಂದೆ ತಂದು, ಕೈಯ ಕೆಳಗೆ ದಿಂಬು ಇಟ್ಟಿದ್ದ. ಅಕ್ಕ ಒಗೆದ ಸೀರೆ ಉಟ್ಟಿದ್ದಳು.

"ಒಂದು ವಾರದಿಂದ ಬೆರಳಿಗೆ ರಜೆ ಕೊಟ್ಟಿದಾಳೆ ನಿಮ್ಮಕ್ಕ," ಎಂದ ಭಾವ. "ಏನೂ ಮುಟ್ಟಲ್ಲ. ಎಲ್ಲಾ ಶಕ್ತಿ ನಿನ್ನ ಆಟಕ್ಕೆ ಕೂಡಿಡ್ತಿದಾಳಂತೆ."

"ಸುಮ್ನಿರಿ," ಎಂದಳು ಅಕ್ಕ. "ಪುಟ್ಟ, ಬೇಗ ಹಾಕೋ."

ಆಟ ತೆರೆಯಿತು. ಮೊದಲ ಪರದೆ ಬೇರೆಯಾಗಿತ್ತು. ಮುಂದೆ ಹೋಗಲು ಎರಡು ಬಟನ್ ಒಟ್ಟಿಗೆ ಒತ್ತಿ ಎಂದು ಬರೆದಿತ್ತು. ಆ ಬರಹದ ಹಿಂದೆ ಬೆಟ್ಟದ ಬುಡದಲ್ಲಿ ಮುದುಕಿ ಒಬ್ಬಳೇ ನಿಂತಿದ್ದಳು, ಮೂಟೆ ಅವಳ ಬೆನ್ನಿನ ಮೇಲೇ ಇತ್ತು. ಕಂಬಣ್ಣ ಕತ್ತೆಗಾಗಿ ಪರದೆಯ ಮೂಲೆ ಮೂಲೆ ನೋಡಿದ.

"ಒಂದ್ನಿಮಿಷ ಅಕ್ಕ, ಒಂದು ಫೋನ್ ಮಾಡಿ ಬರ್ತೀನಿ," ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.

ಕನ್ನಡಕದ ಹುಡುಗಿ ಸಂಭ್ರಮದಲ್ಲೇ ಫೋನ್ ಎತ್ತಿದಳು. ಕತ್ತೆ ಎಲ್ಲಿ ಎಂದು ಕೇಳಿದ.

"ಕತ್ತೆ ತೆಗೆಸಿಬಿಟ್ರು ಕಂಬಣ್ಣ, ನಿಮಗೆ ಗೊತ್ತಿರಲಿಲ್ವಾ? ಕತ್ತೆಯಿಂದ ಆಟದ ವೇಗ ಕಮ್ಮಿಯಾಗುತ್ತೆ ಅಂದ್ರು. ಕೊನೇ ತಿಂಗಳಲ್ಲಿ. ನಾನೇ ಕೂತು ತೆಗೆದೆ. ಒಂದು ಎಳೆ ಉಳಿದಿದ್ರೂ ಆಟ ನಿಂತುಹೋಗುತ್ತೆ ಅಂತ ಬುಡಸಮೇತ ತೆಗೆದೆ."

"ನಡಿಗೆ ಎರಡು?"

"ಅದನ್ನೂ. ಅದು ಎಲ್ಲೆಲ್ಲೋ ಹೋಗಿ ಮುದುಕಿಗೆ ಸುತ್ಕೊಂಡಿತ್ತು, ಬಿಡಿಸೋಕೆ ಎರಡು ದಿನ ಬೇಕಾಯ್ತು. ನೀವೇ ನನಗೆ ಕಲಿಸಿದ್ದು ಕಂಬಣ್ಣ, ಕೆಲಸಕ್ಕೆ ಬಾರದ್ದನ್ನ ಅರ್ಧಂಬರ್ಧ ಬಿಡಬಾರದು ಅಂತ."

ಅವನು ಮೆಲ್ಲಗೆ ಹೇಳಿದ, ಅದು ಏನಾಗಿತ್ತು, ಯಾರಿಗಾಗಿತ್ತು.

"ನೋಡ್ಕೋ ಅಂತ ನೀವು ಹೇಳಿದ್ರಿ," ಎಂದಳು ಹುಡುಗಿ. "ಕತ್ತೆ ಮೇಲೆ ಪ್ರೀತಿ ಅಂದ್ಕೊಂಡೆ. ಒಂದು ಮಾತು ಬಿಡಿಸಿ ಹೇಳಿದ್ರೆ ನಾನು ಏನಾದ್ರೂ ಮಾಡ್ತಿದ್ದೆ. ಮುಂದಿನ ಅಪ್‌ಡೇಟ್‌ನಲ್ಲಿ ಸೇರಿಸೋಕೆ ನೋಡ್ತೀನಿ, ಖಂಡಿತ ನೋಡ್ತೀನಿ."

ಅವಳನ್ನು ಬೈಯಲು ಅವನಿಗೆ ಯಾವ ಹಕ್ಕಿತ್ತು? ಅಷ್ಟು ಸಾಹೇಬರ ಕಣ್ಣು ತಪ್ಪಿಸಿದವನು ತಾನೇ ಕಲಿಸಿದ ಹುಡುಗಿಯ ಕಣ್ಣನ್ನೂ ತಪ್ಪಿಸಿಬಿಟ್ಟಿದ್ದ. ತಾನು ತೋಡಿದ ಹಳ್ಳ, ತಾನೇ ಬಿದ್ದಿದ್ದರೆ ಸಹಿಸಬಹುದಿತ್ತು.

ಒಳಗೆ ಬಂದಾಗ ಕಂಟ್ರೋಲರ್ ಅಕ್ಕನ ಕೈಯ ಕೆಳಗಿತ್ತು. ಅವನು ತಡಮಾಡಿದ್ದಕ್ಕೆ ಭಾವನೇ ಇಟ್ಟಿದ್ದ. ಹೆಬ್ಬೆರಳು ಬಟನ್ ಮೇಲಿತ್ತು, ಪರದೆಯಲ್ಲಿ ಮುದುಕಿ ಕದಲದೆ ನಿಂತಿದ್ದಳು. ಅಕ್ಕನ ಹಣೆಯಲ್ಲಿ ಬೆವರು. ಭಾವ ಮುಖ ಆಚೆ ತಿರುಗಿಸಿಕೊಂಡಿದ್ದ.

"ಗಂಟೆ ಆಗ್ತಿಲ್ಲ ಪುಟ್ಟ," ಎಂದಳು ಅಕ್ಕ. "ಇದೂ ಹೋಯ್ತು ಕಣೋ."

"ಇಲ್ಲ ಅಕ್ಕ. ನಿನ್ನ ಬೆರಳಲ್ಲ. ಆಟದಲ್ಲೇ ಇಲ್ಲ. ತೆಗೆದುಹಾಕಿದಾರೆ." ಅವನು ಕುರ್ಚಿಯ ಪಕ್ಕ ಮಂಡಿಯೂರಿ ಕೂತು ಎಲ್ಲ ಹೇಳಿದ. ಕತ್ತೆಯೊಳಗೆ ಬಚ್ಚಿಟ್ಟದ್ದು, ಕತ್ತೆಯನ್ನೇ ಕಿತ್ತದ್ದು, ತಾನು ಬಾಯಿ ಬಿಡದೆ ಹೋದದ್ದು. ಹೇಳುತ್ತಾ ಹೋದಂತೆ ಅವನಿಗೇ ಅದು ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು.

ಅಕ್ಕ ಅವನನ್ನೇ ನೋಡುತ್ತಾ ಕೇಳಿಸಿಕೊಂಡಳು, ಆಮೇಲೆ ಮುಗುಳ್ನಕ್ಕಳು. "ಎಡಗೈ ಹೋದಾಗ ನೀನು ಕಂಟ್ರೋಲರ್‌ದು ಸ್ಪ್ರಿಂಗ್ ಕೆಟ್ಟಿದೆ ಅಂದೆ. ಹೊಸದು ತಂದೆ. ಅದರದ್ದೂ ಕೆಟ್ಟಿದೆ ಅಂದೆ. ನಾನೂ ಹೂಂ ಅಂದೆ. ಈಗ ಕತ್ತೆನಾ?"

ಅದು ನಿಜವಾಗಿತ್ತು. ಅವಳ ಎಡಗೈ ಸೋತ ದಿನ ಸತ್ಯ ಹೇಳಲಾರದೆ ಅವನು ಹಾಗೆ ಹೇಳಿದ್ದ. ಅವಳು ನಂಬಿದಳು ಎಂದೇ ಇಷ್ಟು ವರ್ಷ ನಂಬಿದ್ದ.

"ಈ ಸಲ ನಿಜ ಅಕ್ಕ. ನಮ್ಮಮ್ಮನ ಆಣೆ." ಅವನು ಗಡಿಬಿಡಿಯಿಂದ ಎರಡು ಬಟನ್ ತಾನೇ ಒತ್ತಿ ಆಟ ಶುರು ಮಾಡಿದ. ಮುದುಕಿಯನ್ನು ಮೊದಲ ಬಂಡೆಯ ಅಂಚಿಗೆ ತಂದು ನಿಲ್ಲಿಸಿ, ಕಂಟ್ರೋಲರನ್ನು ಮತ್ತೆ ಅವಳ ಕೈಕೆಳಗಿಟ್ಟ. "ಈಗ ಒತ್ತು, ಹಾರ್ತಾಳೆ ನೋಡು. ಒಂದು ಸಲ ಒತ್ತು."

ಅವಳು ಒತ್ತಿದಳೋ, ಒತ್ತಲು ನೋಡಿದಳೋ. ಬಾರದ ಗಂಟೆಗಾಗಿ ಕಾದು ಕಾದು ಒತ್ತಿ, ಒಂದು ವಾರ ಕೂಡಿಟ್ಟದ್ದೆಲ್ಲ ಖರ್ಚಾಗಿಹೋಗಿತ್ತು. ಬೆರಳು ಮಲಗಿದಲ್ಲೇ ಮಲಗಿತ್ತು. ಮುದುಕಿ ಅಂಚಿನಲ್ಲಿ ನಿಂತೇ ಇದ್ದಳು.

"ದಣಿದಿದೆ ಅಷ್ಟೇ. ನಾಳೆ ಸರಿಹೋಗುತ್ತೆ," ಎಂದ.

"ದಣಿವು ನನಗೆ ಗೊತ್ತಾಗಲ್ವಾ? ಮೊದಲನೇ ಸಲ ಒತ್ತಿದಾಗಲೇ ಆಗಲಿಲ್ಲ." ಅವನ ಮುಖ ನೋಡಿ ಅವಳಿಗೇ ಕನಿಕರವಾಯಿತು. "ಅಳ್ಬೇಡ್ವೋ. ನಿನ್ನ ಆಟ ಬಂತಲ್ಲ, ಅಷ್ಟು ಸಾಕು. ನೀನೇ ಆಡು, ನಾನು ನೋಡ್ತೀನಿ. ಎಷ್ಟು ಚೆನ್ನಾಗಿ ನಡೀತಾಳೆ ಅವಳು."

ಅವನು ಆಡಿದ. ಕಣ್ಣು ಮಂಜಾಗಿ ಮುದುಕಿ ಎಷ್ಟು ಸಲ ಬಿದ್ದಳೋ. ಅವಳು ಬಿದ್ದಾಗಲೆಲ್ಲ ಭಾವ ಲೊಚಗುಟ್ಟುತ್ತಿದ್ದ. ಅಕ್ಕ ಮಾತ್ರ ಒಂದು ಸಲವೂ ನಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮ್ಯಾನೇಜರನ ಕೋಣೆಗೆ ಹೋಗಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಮ್ಯಾನೇಜರ್ ಮನುಷ್ಯ ಒಳ್ಳೆಯವನೇ. ಮೊದಲೇ ಹೇಳಿದ್ದರೆ ಖಂಡಿತ ಉಳಿಸುತ್ತಿದ್ದೆ, ನಮ್ಮ ಹೊಸ ಮಾಲೀಕರು ಇಂಥದ್ದಕ್ಕೆಲ್ಲ ತುಂಬಾ ಬೆಲೆ ಕೊಡುತ್ತಾರೆ ಎಂದ. ಆ ಮಾತು ಕೇಳಿ ಕಂಬಣ್ಣನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಪ್‌ಡೇಟ್‌ನಲ್ಲಿ ಹಾಕೋಣ ಎಂದು ಮ್ಯಾನೇಜರ್ ಮಾತು ಕೊಟ್ಟ. ಕನ್ನಡಕದ ಹುಡುಗಿ ಆವತ್ತೇ ಕೆಲಸ ಶುರು ಮಾಡಿದಳು. ಗುರುವಾರ ಮೂರನೆಯ ಮಹಡಿಯವರನ್ನೆಲ್ಲ ಒಟ್ಟಿಗೆ ಕರೆದು, ಆಟ ಮುಗಿದಿರುವುದರಿಂದ ತಂಡದ ಅಗತ್ಯವಿಲ್ಲ, ಮುಂದಿನ ದುರಸ್ತಿಯನ್ನು ಇನ್ನೊಂದು ಕಂಪನಿಗೆ ಒಪ್ಪಿಸಿದ್ದೇವೆ ಎಂದು ತಿಳಿಸಿದರು. ಮಾತು ಕೊಟ್ಟ ಮ್ಯಾನೇಜರನೂ ಆ ಗುಂಪಿನಲ್ಲೇ ನಿಂತಿದ್ದ. ಹುಡುಗಿ ತನ್ನ ಮೇಜಿನ ಗಿಡವನ್ನು ನಾಲ್ಕನೆಯ ಮಹಡಿಯ ಬಾಗಿಲ ತನಕ ತಂದು, ಕಂಬಣ್ಣನ ಕೈಗಿಟ್ಟು ಹೋದಳು.

ಅವನು ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಾಗ ಭಾವನ ಫೋನ್ ಬಂತು.

"ಒಂದು ಮಾತು ಕೇಳಯ್ಯ," ಎಂದ ಭಾವ. "ನನಗೇನೋ ಬೆರಳು ಚೆನ್ನಾಗೇ ಇದೆ ಅನ್ಸುತ್ತೆ. ಬೆಳಿಗ್ಗೆ ತಲೆ ಬಾಚುವಾಗ ನೋಡಿದೆ, ಸೆರಗಿನ ಅಂಚನ್ನ ಹಾಗೇ ಸವರ್ತಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಅದಕ್ಕೆ ಟಿವಿ ರಿಮೋಟ್ ಕೈಗಿಟ್ಟು, ಒಂದು ಸಲ ಒತ್ತಿ ನೋಡೇ ಅಂದೆ. ಬೇಡ ಅಂತಾಳೆ."

"ಒತ್ತಿಸಿ ಭಾವ. ಹೇಗಾದ್ರೂ ಮಾಡಿ ಒಂದು ಸಲ ಒತ್ತಿಸಿ."

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದೀನಿ. ಕೇಳಲ್ಲ ಕಣಯ್ಯ. ಪುಟ್ಟ ನನಗೋಸ್ಕರ ಅಂತಲೇ ಕೂತು ಮಾಡಿದ್ದರಲ್ಲೇ ಆಗಲಿಲ್ಲ, ಇನ್ನು ಇದರಲ್ಲಿ ಆಗುತ್ತಾ ಅಂತಾಳೆ."